ಯುಟೋಪಿಯದ ನ್ಯಾಯವ್ಯವಸ್ಥೆ

ಥಾಮಸ್ ಮೋರನು 1516ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ‘ಯುಟೋಪಿಯ’ದ ಕಲ್ಪಿತ ದ್ವೀಪದಲ್ಲಿ ಶಾಸನಗಳು ಕೆಲವೇ, ವಕೀಲರಂತೂ ಇಲ್ಲ. ಪ್ರತಿಯೊಬ್ಬನೂ ತನ್ನ ಅಹವಾಲನ್ನು ನ್ಯಾಯಾಧೀಶನ ಮುಂದೆ ತಾನೇ ನಿವೇದಿಸಿಕೊಳ್ಳಬೇಕು. ಕುಟಿಲರ ವಾದದಿಂದ ಮುಗ್ಧರನ್ನು ಕಾಪಾಡುವುದು ನ್ಯಾಯಾಧೀಶನ ಹೊಣೆ. ಸ್ವತಃ ನ್ಯಾಯವಾದಿಯಾಗಿದ್ದವನು ತನ್ನ ವೃತ್ತಿಯನ್ನೇ ಗಡೀಪಾರು ಮಾಡಿದುದು ವಿನೋದವೇ ಸರಿ. ನಮ್ಮ ಶಂಕೆಯಾದರೋ ಬೇರೆ. ಕೆಲವು ಅಪರಾಧಗಳನ್ನುಳಿದು ಮಿಕ್ಕವಕ್ಕೆ ಅಲ್ಲಿ ಗೊತ್ತಾದ ಶಿಕ್ಷೆಯಿಲ್ಲ. ಕೃತ್ಯದ ಘೋರತೆಯನ್ನು ನೋಡಿ ಸೆನೆಟ್ ಸಭೆಯು ವಿಧಿಸಿದುದೇ ಶಿಕ್ಷೆ. ಆ ಸಭೆಯೇ ತಪ್ಪಿದರೆ ಅಪೀಲು ಎಲ್ಲಿಗೆ? ಹಣವಿಲ್ಲದ ನಾಡಿನಲ್ಲಿ ಲಂಚಕ್ಕೆ ಎಡೆಯಿಲ್ಲವೆಂಬುದನ್ನು ಒಪ್ಪೋಣ. ನ್ಯಾಯಾಧೀಶನನ್ನು ಕೆಡಿಸಲು ಭಯವೊಂದೇ ಸಾಲದೆ? 1535ರಲ್ಲಿ ಎಂಟನೆಯ ಹೆನ್ರಿಯು ನೇಮಿಸಿದ ನ್ಯಾಯಮಂಡಲಿಯ ಎದುರು, ವೆಸ್ಟ್‌ಮಿನ್‌ಸ್ಟರ್ ಸಭಾಭವನದಲ್ಲಿ, ಮೋರನು ರಾಜದ್ರೋಹದ ಆರೋಪಿಯಾಗಿ ನಿಂತನು. ಅಲ್ಲಿಯೂ ಅವನಿಗೆ ವಕೀಲನಿರಲಿಲ್ಲ. ತನ್ನ ಪಕ್ಷವನ್ನು ತಾನೇ ವಾದಿಸಿದನು.