ಟ್ಯಾಬ್‌ನಲ್ಲಿ ಕಾಣೆಯಾದ ತಾಳ

ಗಿಟಾರ್ ಹಿಡಿದ ಹೊಸತರಲ್ಲೇ ಏನನ್ನಾದರೂ ನುಡಿಸಬೇಕೆಂಬ ಆಸೆಗೆ ಟ್ಯಾಬ್‌ನಷ್ಟು ಒದಗಿಬರುವ ಬರವಣಿಗೆ ಇನ್ನೊಂದಿಲ್ಲ. ಆರು ತಂತಿಗೆ ಆರು ಗೆರೆ, ಗೆರೆಯ ಮೇಲೆ ಅಂಕಿ. ಅಂಕಿ ಹೇಳಿದ ಫ್ರೆಟ್‌ನಲ್ಲಿ, ಅಂದರೆ ಮೆಟ್ಟಿಲಿನಲ್ಲಿ, ತಂತಿ ಒತ್ತಿ ಮೀಟಬೇಕು; ಸೊನ್ನೆ ಇದ್ದರೆ ಒತ್ತದೆಯೇ ಮೀಟಬೇಕು. ಐದನೇ ತಂತಿಯಲ್ಲಿ 3, ನಾಲ್ಕನೆಯದರಲ್ಲಿ 0, 2, 3, ಮೂರನೆಯದರಲ್ಲಿ 0, 2, ಎರಡನೆಯದರಲ್ಲಿ 0, 1 ಎಂದು ಬರೆದುಕೊಟ್ಟರೆ, ಸರಿಗಮ ತಿಳಿಯದವರ ಬೆರಳಿನಲ್ಲೂ ಶಂಕರಾಭರಣದ ಆರೋಹಣದ ಸ್ವರಗಳು ಮೂಡುತ್ತವೆ. ಗಮಕವಿಲ್ಲದ ಬರೀ ಸ್ವರಗಳು, ನಿಜ. ಆದರೂ ಮೊದಲ ದಿನಕ್ಕೆ ಅದು ದೊಡ್ಡ ಸಂತೋಷ.

ಟ್ಯಾಬ್ ಸೋಮಾರಿಗಳ ದಾರಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಗಿಟಾರಿನ ಮೊದಲ ತಂತಿಯನ್ನು ಒತ್ತದೆ ಮೀಟಿದಾಗ ಬರುವ ಸ್ವರವೇ ಎರಡನೇ ತಂತಿಯ 5ನೇ, ಮೂರನೆಯದರ 9ನೇ, ನಾಲ್ಕನೆಯದರ 14ನೇ ಫ್ರೆಟ್‌ನಲ್ಲೂ ಸಿಗುತ್ತದೆ. ಪಾಶ್ಚಾತ್ಯ ಸ್ಟಾಫ್ ನೊಟೇಶನ್ ಹೆಚ್ಚಾಗಿ ಸ್ವರ ಯಾವುದೆಂದು ಹೇಳಿ ಸುಮ್ಮನಾಗುತ್ತದೆ. ಎಲ್ಲಿ ನುಡಿಸಿದರೆ ಕೈಗೆ ಸಲೀಸು, ಎಲ್ಲಿ ನಾದ ತುಂಬಿಕೊಂಡು ಬರುತ್ತದೆ ಎಂಬುದನ್ನು ಟ್ಯಾಬ್ ನೇರವಾಗಿ ತೋರಿಸುತ್ತದೆ.

ಶುರುವಿನ ಗೊಂದಲಗಳು ಬೇಗ ತೀರುತ್ತವೆ. ಮೇಲಿನ ಗೆರೆ ತೀರಾ ತೆಳುವಾದ ತಂತಿಯದು, ಮಡಿಲಲ್ಲಿರುವ ಗಿಟಾರಿನಲ್ಲಿ ಅದು ಎಲ್ಲಕ್ಕಿಂತ ಕೆಳಗಿರುತ್ತದೆ. 3 ಎಂದರೆ ಮೂರನೇ ಫ್ರೆಟ್, ಮೂರನೇ ಬೆರಳಲ್ಲ. ಯಾವ ಬೆರಳೆಂದು ಟ್ಯಾಬ್ ಸಾಮಾನ್ಯವಾಗಿ ಹೇಳುವುದೇ ಇಲ್ಲ. ಅದನ್ನು ಗುರುವೋ ಅಭ್ಯಾಸವೋ ಕಲಿಸಬೇಕು.

ನನ್ನ ನಿಜವಾದ ತಕರಾರು ಕಾಲದ ಬಗ್ಗೆ. ಕಂಪ್ಯೂಟರಿನಲ್ಲಿ ಅಡ್ಡಗೀಟು ಎಳೆದು ಬರೆದ ಟ್ಯಾಬ್‌ಗಳಲ್ಲಿ ಒಂದು ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬ ಸುಳಿವು ಇರುವುದು ಅಪರೂಪ. ಕೇಳಿದ ಹಾಡಾದರೆ ಕಿವಿ ಕೈಹಿಡಿಯುತ್ತದೆ. ಕೇಳದ ಹಾಡಾದರೆ ಅಂಕಿಗಳೆಲ್ಲ ಸರಿಯಿದ್ದೂ ಹಾಡು ಹುಟ್ಟುವುದಿಲ್ಲ. ಈ ಕೊರತೆ ಟ್ಯಾಬ್‌ನ ಹುಟ್ಟುಗುಣವೂ ಅಲ್ಲ. 1507ರಲ್ಲಿ ವೆನಿಸ್‌ನಲ್ಲಿ ಪೆಟ್ರುಚ್ಚಿ ಎಂಬ ಮುದ್ರಕ ಅಚ್ಚುಹಾಕಿದ, ಲ್ಯೂಟ್ ಎಂಬ ತಂತಿವಾದ್ಯದ ಟ್ಯಾಬ್‌ನಲ್ಲಿ ಆರು ಗೆರೆಗಳ ಮೇಲೆ ಕಾಲಸೂಚಕ ಚಿಹ್ನೆಗಳು ಇದ್ದವು. ನಮ್ಮ ಕರ್ನಾಟಕ ಸಂಗೀತದ ಸ್ವರಲಿಪಿಯನ್ನೇ ನೋಡಿ: ವೀಣೆಯ ಯಾವ ಮೆಟ್ಟಿಲೆಂದು ಅದು ಹೇಳದು, ಆದರೆ ಅಲ್ಪವಿರಾಮಕ್ಕೆ ಒಂದು ಅಕ್ಷರಕಾಲ, ಅರ್ಧವಿರಾಮಕ್ಕೆ ಎರಡು ಎಂದು ಲೆಕ್ಕವಿಟ್ಟು ತಾಳವನ್ನು ಕಾಯುತ್ತದೆ. ಅವಸರದ ಟ್ಯಾಬ್ ಕೈಬಿಟ್ಟದ್ದನ್ನೇ ಅದು ಮೊದಲು ಬರೆದುಕೊಳ್ಳುತ್ತದೆ.

ಹೀಗಾಗಿ ಹೊಸಬರು ಕೊಳ್ಳಬೇಕಾದದ್ದು ಗೆರೆಗಳ ಮೇಲೆ ಸ್ಟಾಫ್ ನೊಟೇಶನ್ ಕೂಡ ಇರುವ, ಇಲ್ಲವೇ ಅಂಕಿಗಳಿಗೇ ಕಾಲದ ಕಡ್ಡಿ ಹಚ್ಚಿದ ಅಚ್ಚುಪುಸ್ತಕ. ಗಿಟಾರ್ ಎತ್ತಿಕೊಳ್ಳುವ ಮುನ್ನ ಒಂದು ಸಾಲಿನ ಲಯವನ್ನು ತೊಡೆಯ ಮೇಲೆ ತಟ್ಟಿ, ಬಾಯಲ್ಲಿ ಎಣಿಸಿ ನೋಡಬೇಕು. ಕಲಿಸುವವರು ಟ್ಯಾಬ್ ಹಾಳೆಯನ್ನು ಕೈಗಿಡುವ ಮೊದಲು ಆ ಸಾಲನ್ನು ಒಮ್ಮೆ ನುಡಿಸಿ ತೋರಿಸಲೇಬೇಕು.