ಅಡುಗೆಮನೆಯ ಶುಚಿಕಾರಕಗಳು: ನೊರೆ ಎಷ್ಟು, ತಿರುಳೆಷ್ಟು?

ವಿನೆಗರ್, ಅಡುಗೆ ಸೋಡಾ, ನಿಂಬೆಹಣ್ಣು, ಉಪ್ಪು, ಹುಣಸೆಹಣ್ಣು - ಇವುಗಳಿಂದಲೇ ಇಡೀ ಮನೆಯನ್ನು ಕಡಿಮೆ ಖರ್ಚಿನಲ್ಲಿ ಸ್ವಚ್ಛವಾಗಿಡಬಹುದು ಎಂಬ ಸಲಹೆಗಳು ಇಂದು ಎಲ್ಲೆಡೆ ಹರಿದಾಡುತ್ತಿವೆ. ಪತ್ರಿಕೆಗಳ ಮನೆವಾರ್ತೆ ಅಂಕಣಗಳಲ್ಲಿ, ಮೊಬೈಲ್ ವಿಡಿಯೊಗಳಲ್ಲಿ, ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿಯೂ ಇವು ಕಾಣಸಿಗುತ್ತವೆ. ಖರ್ಚು ಉಳಿಸುವ, ಪರಿಸರಕ್ಕೆ ಹೊರೆಯಾಗದ ಪ್ರಯತ್ನ ಸ್ವಾಗತಾರ್ಹವೇ. ಆದರೆ ಈ ಸಲಹೆಗಳಲ್ಲಿ ಸರಿಯಾದದ್ದು, ನಿರುಪಯುಕ್ತವಾದದ್ದು, ಅಪಾಯಕಾರಿಯಾದದ್ದು ಎಲ್ಲವೂ ಒಂದೇ ಬುಟ್ಟಿಯಲ್ಲಿವೆ. ಅವುಗಳನ್ನು ಬೇರ್ಪಡಿಸಲು ಪ್ರೌಢಶಾಲೆಯ ರಸಾಯನ ವಿಜ್ಞಾನವೇ ಸಾಕು.

ಮೊದಲಿಗೆ ‘ರಾಸಾಯನಿಕ ಮುಕ್ತ’ ಎಂಬ ಮಾತು. ವಿನೆಗರ್ ಎಂದರೆ ನೀರಿನಲ್ಲಿ ಸುಮಾರು ಶೇ. 5ರಷ್ಟು ಅಸಿಟಿಕ್ ಆಮ್ಲ. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬನೇಟ್. ನೀರೂ ಒಂದು ರಾಸಾಯನಿಕವೇ. ‘ರಾಸಾಯನಿಕ’ ಎಂದರೆ ವಿಷ, ‘ನೈಸರ್ಗಿಕ’ ಎಂದರೆ ಸುರಕ್ಷಿತ ಎಂಬ ಭಾವನೆಯನ್ನು ಮಕ್ಕಳ ಮನಸ್ಸಿನಲ್ಲಿ ಬಿತ್ತುವುದು ವಿಜ್ಞಾನ ಶಿಕ್ಷಣಕ್ಕೆ ಮಾಡುವ ಅಪಚಾರ.

ನೊರೆಯ ಲೆಕ್ಕಾಚಾರ

ಅತ್ಯಂತ ಜನಪ್ರಿಯ ಸಲಹೆ ಎಂದರೆ ವಿನೆಗರ್ ಮತ್ತು ಅಡುಗೆ ಸೋಡಾಗಳನ್ನು ಬೆರೆಸಿ ಸಿಂಕು, ಬಚ್ಚಲುಗಳಿಗೆ ಸುರಿಯುವುದು. ಭೋರೆಂದು ನೊರೆ ಏಳುತ್ತದೆ. ಕೊಳೆ ಕಿತ್ತುಬಂದಿತೆಂದು ನೋಡುವವರಿಗೆ ಅನ್ನಿಸುತ್ತದೆ. ನಿಜವಾಗಿ ಏನಾಯಿತು? 100 ಮಿ.ಲೀ. ವಿನೆಗರ್‌ನಲ್ಲಿ ಸುಮಾರು 5 ಗ್ರಾಂ ಅಸಿಟಿಕ್ ಆಮ್ಲವಿರುತ್ತದೆ. ಅದನ್ನು ಪೂರ್ತಿ ತಟಸ್ಥಗೊಳಿಸಲು 7 ಗ್ರಾಂ ಸೋಡಾ, ಅಂದರೆ ಒಂದೂವರೆ ಚಹಾ ಚಮಚದಷ್ಟು, ಸಾಕು. ಹೊರಬರುವ ಕಾರ್ಬನ್ ಡೈಆಕ್ಸೈಡ್ ಕೋಣೆಯ ಉಷ್ಣತೆಯಲ್ಲಿ ಸುಮಾರು 2 ಲೀಟರು. ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣದ ಸುಮಾರು ಶೇ. 7ರ ದ್ರಾವಣ.

ಆಮ್ಲವಾಗಿದ್ದಾಗ ವಿನೆಗರ್ ಸುಣ್ಣದ ಕಲೆಯನ್ನು ಕರಗಿಸಬಲ್ಲದಾಗಿತ್ತು. ಪ್ರತ್ಯಾಮ್ಲೀಯವಾಗಿದ್ದಾಗ ಸೋಡಾ ಜಿಡ್ಡನ್ನು ಸ್ವಲ್ಪವಾದರೂ ಸಡಿಲಿಸಬಲ್ಲದಾಗಿತ್ತು. ಬೆರೆಸಿದಾಗ ಎರಡೂ ಗುಣಗಳು ನಾಶವಾದವು. ನೊರೆಯ ಕದಡುವಿಕೆಯಿಂದ ಸಡಿಲ ಕಸ ಅಲ್ಪಸ್ವಲ್ಪ ಮೇಲೇಳಬಹುದು; ಕರಗದೆ ಉಳಿದ ಸೋಡಾ ಪುಡಿಯಿಂದ ತಿಕ್ಕಲೂ ಬಹುದು. ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ. ಇದೇ ಮಿಶ್ರಣವನ್ನು ಬಾಟಲಿಯಲ್ಲಿ ತುಂಬಿ ಬಿಗಿಯಾಗಿ ಮುಚ್ಚಿದರೆ ಆ 2 ಲೀಟರು ಅನಿಲ ಒತ್ತಡವನ್ನು ಹೆಚ್ಚಿಸಿ ಬಾಟಲಿಯನ್ನೇ ಸಿಡಿಸಬಹುದು.

ನಮ್ಮ ಹಿರಿಯರ ಅಭ್ಯಾಸವನ್ನು ಇದರೊಡನೆ ಹೋಲಿಸಿ ನೋಡಿ. ತಾಮ್ರದ ಪಾತ್ರೆಗೆ ಹುಣಸೆಹಣ್ಣು, ಜಿಡ್ಡಿನ ಪಾತ್ರೆಗೆ ಬೂದಿ, ತಲೆಯ ಎಣ್ಣೆಗೆ ಸೀಗೆ ಅಥವಾ ಅಂಟುವಾಳ. ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನೂ ಕಿಲುಬನ್ನೂ ಕರಗಿಸುತ್ತದೆ. ಬೂದಿಯಲ್ಲಿರುವ ಪೊಟಾಸಿಯಂ ಕಾರ್ಬನೇಟ್ ಪ್ರತ್ಯಾಮ್ಲೀಯವಾದುದರಿಂದ ಜಿಡ್ಡಿನ ಮೇಲೆ ವರ್ತಿಸುತ್ತದೆ. ಅಂಟುವಾಳದ ಸಪೋನಿನ್ ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ ಎಣ್ಣೆಯನ್ನು ಹನಿಹನಿಯಾಗಿ ಬಿಡಿಸುತ್ತದೆ. ಕೊಳೆಗೆ ತಕ್ಕ ವಸ್ತು ಎಂಬ ವಿವೇಕ ಅಲ್ಲಿತ್ತು. 

ಆಮ್ಲ ಎಲ್ಲಿ ಸಲ್ಲದು?

‘ನೆಲ ಒರೆಸುವ ನೀರಿಗೆ ವಿನೆಗರ್ ಅಥವಾ ನಿಂಬೆರಸ ಹಾಕಿ’ ಎನ್ನುವವರು ನೆಲ ಯಾವುದೆಂದು ಕೇಳುವುದೇ ಇಲ್ಲ. ನಮ್ಮ ಅನೇಕ ಮನೆಗಳ ನೆಲ ಶಹಾಬಾದ್ ಕಲ್ಲು ಇಲ್ಲವೇ ಕಡಪ ಕಲ್ಲಿನದು. ಎರಡೂ ಸುಣ್ಣದ ಕಲ್ಲುಗಳೇ. ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬನೇಟೇ. ಮೊಸಾಯಿಕ್ ನೆಲದಲ್ಲಿ ಅಮೃತಶಿಲೆಯ ಚೂರುಗಳಿವೆ, ರೆಡ್ ಆಕ್ಸೈಡ್ ನೆಲದಲ್ಲಿ ಸಿಮೆಂಟ್ ಇದೆ. ಗಡಸು ನೀರಿನ ಬಿಳಿ ಕಲೆಯನ್ನು ನಲ್ಲಿಯ ಮೇಲಿಂದ ಕರಗಿಸುವ ಅದೇ ಆಮ್ಲ ಈ ನೆಲಗಳ ಹೊಳಪನ್ನೂ ದಿನದಿನವೂ ತಿನ್ನುತ್ತದೆ. ಇಳಕಲ್ಲಿನ ಗ್ರಾನೈಟಿಗೆ ಈ ತೊಂದರೆ ಬಹಳ ಕಡಿಮೆ. ತರಗತಿಯಲ್ಲಿ ಶಹಾಬಾದ್ ಕಲ್ಲಿನ ಪುಡಿಯ ಮೇಲೊಮ್ಮೆ, ಗ್ರಾನೈಟಿನ ಪುಡಿಯ ಮೇಲೊಮ್ಮೆ ವಿನೆಗರ್ ಹನಿಸಿ ತೋರಿಸಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಕಸದ ಕಿಣ್ವ ಮತ್ತು ಓಜೋನ್

ಒಂದು ಭಾಗ ಬೆಲ್ಲ, ಮೂರು ಭಾಗ ಹಣ್ಣಿನ ಸಿಪ್ಪೆ, ಹತ್ತು ಭಾಗ ನೀರು; ಮೂರು ತಿಂಗಳು ಕೊಳೆಯಿಸಿ ಸೋಸಿದರೆ ‘ಜೈವಿಕ ಕಿಣ್ವ’ ಸಿದ್ಧ. ಸಿಪ್ಪೆ ಕಸದ ಬುಟ್ಟಿ ಸೇರದಿರುವುದು ಒಳ್ಳೆಯದೇ. ಇಲ್ಲಿ ನಡೆಯುವುದು ಹುದುಗುವಿಕೆ. ಸಕ್ಕರೆಯಿಂದ ಮದ್ಯಸಾರ, ಮುಂದೆ ಅಸಿಟಿಕ್ ಮುಂತಾದ ಆಮ್ಲಗಳು ಉಂಟಾಗುತ್ತವೆ. ಹಾಗಾದರೆ ಈ ದ್ರವ ಮಾಡುವ ಕೆಲಸ ಕಿಣ್ವದ್ದೋ ಆಮ್ಲದ್ದೋ? ಅಷ್ಟೇ ಪಿಎಚ್ ಇರುವ ವಿನೆಗರ್ ನೀರನ್ನು ಪಕ್ಕದಲ್ಲಿಟ್ಟು ಹೋಲಿಸದೆ ಇದನ್ನು ಹೇಳುವಂತಿಲ್ಲ. ಪ್ರದರ್ಶನಗಳ ಭಿತ್ತಿಚಿತ್ರಗಳಲ್ಲಿ ಕಾಣೆಯಾಗಿರುವುದು ಈ ಹೋಲಿಕೆಯೇ.

ಈ ದ್ರವ ಓಜೋನನ್ನು ಬಿಡುಗಡೆ ಮಾಡಿ ಭೂಮಿಯನ್ನು ತಂಪಾಗಿಸುತ್ತದೆ ಎಂಬ ಮಾತಂತೂ ಭೌತವಿಜ್ಞಾನಕ್ಕೆ ವಿರುದ್ಧವಾದುದು. ಆಕ್ಸಿಜನ್ ಅಣುವಿನ ಬಂಧವನ್ನು ಬೆಳಕಿನಿಂದ ಮುರಿಯಲು ಸುಮಾರು 5.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅದು 242 ನ್ಯಾನೋಮೀಟರಿಗಿಂತ ಕಡಿಮೆ ತರಂಗದೂರದ ನೇರಳಾತೀತ ಕಿರಣದಲ್ಲಿದೆ. ಆದ್ದರಿಂದಲೇ ಓಜೋನ್ ಪದರವಿರುವುದು ವಾಯುಮಂಡಲದ ಎತ್ತರದಲ್ಲಿ. ಅಡುಗೆಮನೆಯ ಮೂಲೆಯ ಡಬ್ಬಿಗೆ ಆ ಕಿರಣ ತಲುಪದು. ಡಬ್ಬಿಯಿಂದ ಹೊರಬರುವುದು ಕಾರ್ಬನ್ ಡೈಆಕ್ಸೈಡ್. 100 ಗ್ರಾಂ ಬೆಲ್ಲದ ಸಕ್ಕರೆಯೆಲ್ಲ ಹುದುಗಿದರೆ ಸುಮಾರು 24 ಲೀಟರಿನಷ್ಟು! ಮುಚ್ಚಳವನ್ನು ಆಗಾಗ ಸಡಿಲಿಸಬೇಕೆನ್ನುವುದು ಇದಕ್ಕಾಗಿಯೇ.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಮೇಲಿನ ತಪ್ಪುಗಳಿಂದ ಹಣ ಮತ್ತು ಹೊಳಪು ಹೋಗಬಹುದು. ಆದರೆ ‘ಎರಡು ಬೆರೆಸಿದರೆ ಶಕ್ತಿ ಇಮ್ಮಡಿ’ ಎಂಬ ನಂಬಿಕೆ ಬ್ಲೀಚಿನ ತನಕ ಹೋದಾಗ ಜೀವಕ್ಕೇ ಕುತ್ತು. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣಕ್ಕೆ ವಿನೆಗರ್, ನಿಂಬೆರಸ, ಶೌಚಾಲಯ ತೊಳೆಯುವ ಆಮ್ಲ, ಯಾವುದನ್ನು ಸೇರಿಸಿದರೂ ಕ್ಲೋರಿನ್ ಅನಿಲ ಹೊರಬರುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಇದೇ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಇದು ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಕೆಳಗೇ ತುಂಬಿಕೊಳ್ಳುತ್ತದೆ. ಕುಳಿತು ನೆಲ ಉಜ್ಜುವವರು ಅದನ್ನೇ ಉಸಿರಾಡುತ್ತಾರೆ. ಅಮೋನಿಯ ಬೆರೆತರೆ ಕ್ಲೋರಮೀನ್‌ಗಳು ಉಂಟಾಗುತ್ತವೆ, ಅವೂ ವಿಷವೇ. ಕೋವಿಡ್ ಹರಡಲಾರಂಭಿಸಿದ 2020ರ ಮೊದಲ ಮೂರು ತಿಂಗಳಲ್ಲಿ ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ ಶುಚಿಕಾರಕ ಹಾಗೂ ಸೋಂಕುನಿವಾರಕಗಳ ಬಗ್ಗೆ ಬಂದ ಕರೆಗಳು ಹಿಂದಿನ ವರ್ಷದ ಅದೇ ಅವಧಿಗಿಂತ ಸುಮಾರು ಶೇ. 20ರಷ್ಟು ಹೆಚ್ಚಿದವು. ವಿನೆಗರ್ ನಂಬಲರ್ಹ ಸೋಂಕುನಿವಾರಕವಲ್ಲ. ರೋಗಿಯ ಕೋಣೆಗೆ ಬ್ಲೀಚ್ ಬೇಕಾದರೆ ಅದನ್ನು ನೀರಿನೊಂದಿಗೆ ಮಾತ್ರ, ಗಾಳಿಯಾಡುವಲ್ಲಿ ಬಳಸಬೇಕು.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ನೀರು, ವಿನೆಗರ್, ವಿನೆಗರ್-ಸೋಡಾ ಬೆರೆಸಿ ನೊರೆ ಅಡಗಿದ ದ್ರಾವಣ, ಅಂಟುವಾಳ ನೆನೆಸಿ ಸೋಸಿದ ನೀರು - ನಾಲ್ಕನ್ನೂ ತೆಗೆದುಕೊಳ್ಳಿ. ಒಂದೇ ಡ್ರಾಪರಿನಿಂದ, ಒಂದೇ ವೇಗದಲ್ಲಿ, 5 ಮಿ.ಲೀ.ಗೆ ಎಷ್ಟು ಹನಿ ಎಂದು ಎಣಿಸಿ. ಮೇಲ್ಮೈ ಎಳೆತ ಕಡಿಮೆಯಾದಷ್ಟೂ ಹನಿ ಚಿಕ್ಕದಾಗಿ ಸಂಖ್ಯೆ ಹೆಚ್ಚುತ್ತದೆ. ನೊರೆ ಅಡಗಿದ ದ್ರಾವಣ ನೀರಿಗೆ ಹತ್ತಿರವಾಗಿಯೂ ಅಂಟುವಾಳ ಎಲ್ಲಕ್ಕಿಂತ ಮುಂದೆಯೂ ಇರುವುದನ್ನು ನೀವೇ ಕಾಣುವಿರಿ. ಜಿಡ್ಡಿನ ತಟ್ಟೆಗಳ ಮೇಲೂ ಇವನ್ನು ಪರೀಕ್ಷಿಸಿ.

ಶಿಕ್ಷಕರಲ್ಲಿ ಒಂದು ವಿನಂತಿ. ಮುಂದಿನ ವಸ್ತುಪ್ರದರ್ಶನದಲ್ಲಿ ಇಂಥ ಮಾದರಿ ಎದುರಾದರೆ ಮಗುವನ್ನು ಹೀಗೆ ಕೇಳಿ: ಕೊಳೆ ಯಾವುದು? ಅದರೊಡನೆ ವರ್ತಿಸುವ ವಸ್ತು ಯಾವುದು? ಬರೀ ನೀರಿನೊಂದಿಗೆ ಹೋಲಿಸಿ ನೋಡಿದೆಯಾ? ಯಾವುದರ ಜೊತೆ ಇದನ್ನು ಬೆರೆಸಬಾರದು? ನಾಲ್ಕಕ್ಕೂ ಉತ್ತರಿಸಬಲ್ಲ ಮಗುವಿನ ಮಾದರಿಯಲ್ಲಿ ನೊರೆ ಇಲ್ಲದಿದ್ದರೂ ಬಹುಮಾನ ಅದಕ್ಕೇ ಸಲ್ಲಲಿ.