ಮುಗಿಯದ ಕಾಮಗಾರಿಗಳ ಅರ್ಥಶಾಸ್ತ್ರ

ಹಂಗೆರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ 1980ರಲ್ಲಿ ಪ್ರಕಟಿಸಿದ ‘ಎಕನಾಮಿಕ್ಸ್ ಆಫ್ ಶಾರ್ಟೇಜ್’ ಕಮ್ಯುನಿಸ್ಟ್ ದೇಶಗಳ ಯೋಜನಾ ಪದ್ಧತಿಯನ್ನು ಒಳಗಿದ್ದುಕೊಂಡೇ ಬಗೆದು ನೋಡಿದ ಕೃತಿ. ಅಂಗಡಿ ಮುಂದಿನ ಸಾಲಿಗೆ ಅಧಿಕಾರಿಗಳ ಸೋಮಾರಿತನ ಕಾರಣವಲ್ಲ, ವ್ಯವಸ್ಥೆಯೇ ಕೊರತೆಯನ್ನು ಹುಟ್ಟಿಸುತ್ತದೆ ಎಂಬುದು ಅವರ ವಾದ. ಕಾರ್ಖಾನೆ ಎಷ್ಟೇ ನಷ್ಟ ಮಾಡಲಿ, ಸರ್ಕಾರ ಕೈಬಿಡುವುದಿಲ್ಲ. ಹಾಗಾಗಿ ಎಲ್ಲರೂ ಕಡಿಮೆ ಅಂದಾಜು ತೋರಿಸಿ ಕಾಮಗಾರಿ ಶುರು ಮಾಡುತ್ತಾರೆ. ಹಣ ಹತ್ತು ಕಡೆ ಹಂಚಿಹೋಗಿ ಯಾವುದೂ ಮುಗಿಯುವುದಿಲ್ಲ. 1968ರಲ್ಲಿ ಹಂಗೆರಿ ಕಡ್ಡಾಯ ಗುರಿಗಳನ್ನು ಕೈಬಿಟ್ಟು ಸುಧಾರಣೆ ತಂದಿತು. ಆಮೇಲೂ ಕಾರ್ಖಾನೆಯವರು ಕಾದದ್ದು ಗಿರಾಕಿಯನ್ನಲ್ಲ, ಸಚಿವಾಲಯದ ಬಾಗಿಲನ್ನು.

ಕಾಮಗಾರಿ ಮುಗಿಯದ ಈ ರೋಗದ ಗುರುತು ಚಿತ್ರದುರ್ಗ ಜಿಲ್ಲೆಯವರಿಗೆ ಚೆನ್ನಾಗಿದೆ. ಭದ್ರಾ ಮೇಲ್ದಂಡೆ ಯೋಜನೆಯ ಕಡತದಲ್ಲಿ ಭದ್ರೆಯಿಂದ 29.9 ಟಿಎಂಸಿ ನೀರು, 2,25,515 ಹೆಕ್ಟೇರಿಗೆ ನೀರಾವರಿ, 367 ಕೆರೆ ತುಂಬಿಸುವ ಮಾತು ಇವೆ. ನೆಲದ ಮೇಲೆ ತುಂಡು ತುಂಡು ನಾಲೆ, ಅಬ್ಬಿನಹೊಳಲು ಬಳಿ ಭೂಸ್ವಾಧೀನದ ತಕರಾರೂ ಎದುರಾಯಿತು. 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿ ಕೊಡಿ ಎಂದು ರೈತರು ಬಂದ್ ಮಾಡಬೇಕಾಯಿತು. ಅಲ್ಲಿಯವರೆಗೆ ಹೊಳಲ್ಕೆರೆಯ ಅಡಿಕೆ ತೋಟ ಕಾಯುವುದಿಲ್ಲ. ಬೇಸಿಗೆಯಲ್ಲಿ ಬೋರು ಕೈಕೊಟ್ಟರೆ ಟ್ಯಾಂಕರ್ ನೀರು ತರಿಸಿ ಗಿಡಗಿಡದ ಬುಡಕ್ಕೂ ಪೈಪು ಹಿಡಿಯುತ್ತಾರೆ, ಸಾಲ ಮಾಡಿ ಇನ್ನೊಂದು ಬೋರು ಕೊರೆಸುತ್ತಾರೆ. ಅದೂ ಒಣಗಿದರೆ ಆ ನಷ್ಟ ತುಂಬಿಕೊಡುವ ಖಜಾನೆ ಯಾವುದೂ ಇಲ್ಲ. ಯೋಜನೆ ತಡವಾದದ್ದಕ್ಕೆ ಬೆಲೆ ತೆರುವವನು ಯೋಜನೆ ಬರೆದವನಲ್ಲ ಎನ್ನುವುದನ್ನು ಕೊರ್ನಾಯ್ ಇನ್ನಷ್ಟು ಬಿಡಿಸಿ ಹೇಳಬೇಕಿತ್ತು.

ಅವರ ಅಳತೆಗೋಲು ಸಾಲದೇ ಬರುವುದು ಹಿರಿಯೂರಿನ ಮಾರಿಕಣಿವೆಯಲ್ಲಿ. ಅಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಅಣೆಕಟ್ಟು ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು, ಆಗ ಭಾರಿ ಮಳೆಯ ಜೊತೆ ಭದ್ರೆಯ ನೀರೂ ಸೇರಿತ್ತು. ಬರೀ ಲಾಭನಷ್ಟ ನೋಡುವವರು ಇಂಥ ಅಣೆಕಟ್ಟಿಗೆ ಅಡಿಗಲ್ಲು ಹಾಕುತ್ತಲೇ ಇರಲಿಲ್ಲ. ಅರೆಬರೆ ತುಂಬಿದ ವರ್ಷಗಳಲ್ಲೂ ಅದು ಹಿರಿಯೂರಿನ ತೋಟಗಳನ್ನು ಉಳಿಸಿದೆ, ಚಿತ್ರದುರ್ಗ ನಗರಕ್ಕೆ ಕುಡಿಯಲು ಕೊಟ್ಟಿದೆ. ಕೊರ್ನಾಯ್ ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟು ಬರೆದವರು. ಬಯಲುಸೀಮೆಯ ನೀರಿನ ಲೆಕ್ಕ ಆ ಚೌಕಟ್ಟಿಗೆ ಒಗ್ಗುವುದಿಲ್ಲ.

ಹಾಗೆಂದು ಅವರ ಎಚ್ಚರಿಕೆ ಸುಳ್ಳಾಗುವುದಿಲ್ಲ. ಯೋಜನೆ ನಮಗೆ ಬೇಕೇ ಬೇಕು, ಆದರೆ ಮುಗಿಯುವ ಯೋಜನೆ ಬೇಕು. ಸರ್ಕಾರಗಳು ಇನ್ನೊಂದು ಶಂಕುಸ್ಥಾಪನೆಗೆ ಹೊರಡುವ ಮೊದಲು ಹೊಸದುರ್ಗ, ಹೊಳಲ್ಕೆರೆಯ ಕೆರೆಗಳಿಗೆ ಹೋಗುವ ನಾಲೆಯನ್ನು ಪೂರ್ತಿ ಮಾಡಿ ನೀರು ಬಿಡಲಿ.